ಶಿಳ್ಳೆ ಹೊಡೆಯುವವರು

ಮೈಸೂರಿನ ಜೂ ನೋಡಿ ಬಂದವರನ್ನು ‘ಏನು ನೋಡಿದಿರಿ?’ ಎಂದು ಕೇಳಿ. ‘ಹುಲಿ ಮಲಗೇ ಇತ್ತು ಕಣ್ರೀ, ಏಳಲೇ ಇಲ್ಲ’ ಎನ್ನುತ್ತಾರೆ, ಅಂಗಡಿಯವನು ತೂಕದಲ್ಲಿ ಮೋಸ ಮಾಡಿದ ಹಾಗೆ! ಟಿಕೆಟ್ಟಿಗೆ ದುಡ್ಡು ಕೊಟ್ಟಮೇಲೆ ಹುಲಿ ಏಳಬೇಕು, ಗರ್ಜಿಸಬೇಕು, ಅತ್ತಿಂದಿತ್ತ ಓಡಾಡಬೇಕು. ಹುಲಿ ಹೆಚ್ಚಾಗಿ ರಾತ್ರಿ ಬೇಟೆಯಾಡುವ ಪ್ರಾಣಿ, ಹಗಲು ಮಲಗದೆ ಇನ್ನೇನು ಮಾಡೀತು ಎಂದರೆ ‘ನೀವೇನು ಟೀಚರ್ರೇ?’ ಎಂದು ಕೇಳುತ್ತಾರೆ. ಹೌದು, ನಾನು ಟೀಚರೇ. ಅದು ಬೇರೆ ಮಾತು.

ಕಳೆದ ದಸರಾ ರಜೆಯಲ್ಲಿ ಅರಸೀಕೆರೆಯಿಂದ ನಾವು ಎರಡು ಮನೆಯವರು ಹೋಗಿದ್ದೆವು. ನಾನೂ ಓರಗಿತ್ತಿಯೂ ಬೆಳಗಿನ ಜಾವ ಎದ್ದು ಮಾಡಿದ ಪುಳಿಯೋಗರೆ, ಮೊಸರನ್ನ, ಚಕ್ಕುಲಿಯ ಡಬ್ಬಗಳನ್ನೆಲ್ಲ ವ್ಯಾನಿನಲ್ಲೇ ಬಿಟ್ಟು ಒಳಗೆ ಹೋದೆವು. ಜನವೋ ಜನ. ಚಿರತೆಯ ಮುಂದೆ ನಮ್ಮ ಮೈದುನ ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹೊಡೆದ. ಅದು ಕಿವಿ ಮಾತ್ರ ಅಲ್ಲಾಡಿಸಿತು. ಇನ್ನೊಂದು ಶಿಳ್ಳೆ. ಆರು ವರ್ಷದ ಅವನ ಮಗನೂ ಅಪ್ಪನನ್ನು ನೋಡಿ ಬೆರಳು ಬಾಯಿಗಿಟ್ಟ. ಎಂಜಲು ಸುರಿಯಿತೇ ಹೊರತು ಶಿಳ್ಳೆ ಬರಲಿಲ್ಲ. ಎಲ್ಲರೂ ನಕ್ಕರು. ನಾನೂ ನಕ್ಕೆ, ಸುಳ್ಳೇಕೆ ಹೇಳಲಿ?

ಆಮೇಲೆ ಪೋಲೊ ನೆನಪಾದ. 1995ರಲ್ಲಿ ಡಬ್ಲಿನ್ನಿನಿಂದ ಇಲ್ಲಿಗೆ ಬಂದ ಗೊರಿಲ್ಲ ಅವನು. ಇಡೀ ದೇಶಕ್ಕೆ ಒಂದೇ ಗೊರಿಲ್ಲವಾಗಿ, ಜೊತೆಯಿಲ್ಲದೆ ವರ್ಷಗಟ್ಟಲೆ ಕಳೆದು, 2014ರಲ್ಲಿ ಸತ್ತ. ನನ್ನ ಮಗಳು ಚಿಕ್ಕವಳಿದ್ದಾಗ ಅವನನ್ನು ತೋರಿಸಿದ್ದೆ. ಹುಡುಗರ ಗುಂಪೊಂದು ಎದೆ ಬಡಿದುಕೊಂಡು ‘ಹೂ, ಹೂ’ ಎಂದು ಕೂಗುತ್ತಿತ್ತು. ಅವನು ನಮಗೆ ಬೆನ್ನು ಹಾಕಿ ಕೂತಿದ್ದ. ‘ಎಷ್ಟು ಕೊಬ್ಬು ನೋಡಿ ಇದಕ್ಕೆ’ ಎಂದರು ಪಕ್ಕದ ಹೆಂಗಸು. ಗೊರಿಲ್ಲಗಳಲ್ಲಿ ಕಣ್ಣಿಗೆ ಕಣ್ಣಿಟ್ಟು ದಿಟ್ಟಿಸುವುದೆಂದರೆ ಜಗಳಕ್ಕೆ ಕರೆದ ಹಾಗಂತೆ, ಆಮೇಲೆ ಓದಿದೆ. ಕೊಬ್ಬು ಯಾರದು ಹೇಳಿ.

ದಿಟ್ಟಿಸುವವರ ವಿಚಾರ ನಮಗೆ ಬೇರೆ ಹೇಳಿಕೊಡಬೇಕೇ? ಬಸ್‌ಸ್ಟ್ಯಾಂಡಿನಲ್ಲಿ ಐದು ನಿಮಿಷ ಒಬ್ಬಳೇ ನಿಂತ ಯಾವ ಹೆಂಗಸಿಗೆ ಅದು ಗೊತ್ತಿಲ್ಲ? ಶಿಳ್ಳೆ, ಚಪ್ಪಾಳೆ, ಕಲ್ಲಿನ ಚೂರು, ‘ಇತ್ತ ನೋಡೇ’ ಎಂಬ ಕೂಗು, ನೋಡದಿದ್ದರೆ ಬೈಗುಳ. ಎರಡೂ ಕಡೆ ಅದೇ ಪಾಠ. ತಿರುಗಿ ಬೀಳಲಾರದವರನ್ನು ಕೆಣಕಿದರೆ ಅದು ತಮಾಷೆ! ಮಗನಿಗೆ ಆ ಪಾಠ ಮಾಡಿಸಲು ನಾವೇ ಬುತ್ತಿ ಕಟ್ಟಿಕೊಂಡು ಹೋಗುತ್ತೇವೆ.

ಜೂ ಮುಚ್ಚಿ ಎನ್ನುವವಳಲ್ಲ ನಾನು. 1892ರಲ್ಲಿ ಅರಮನೆಯವರು ಶುರುಮಾಡಿದ ಈ ಜೂ ಇಲ್ಲದಿದ್ದರೆ ನಮ್ಮೂರಿನ ಮಕ್ಕಳು ಜಿರಾಫೆಯನ್ನು ಎಲ್ಲಿ ನೋಡಬೇಕಿತ್ತು? ನನ್ನ ಜಗಳವೇನಿದ್ದರೂ ಸರಳಿನ ಈಚೆ ನಿಂತವರ ಮೇಲೆ. ಜೂ ಪ್ರಾಣಿಗಳನ್ನು ಕೆಣಕುವುದು ವನ್ಯಜೀವಿ ಕಾಯಿದೆಯ ಪ್ರಕಾರ ಅಪರಾಧ, ಜೈಲಿಗೂ ಹಾಕಬಹುದು. ಆದರೆ ಕಾವಲಿನವನು ಒಬ್ಬ, ಶಿಳ್ಳೆಯವರು ಸಾವಿರ. ಆ ಸಾವಿರ ಜನರ ಪಕ್ಕದಲ್ಲೆಲ್ಲ ಒಬ್ಬೊಬ್ಬ ಅಕ್ಕನೋ ಅತ್ತಿಗೆಯೋ ‘ಹೋಗ್ಲಿ ಬಿಡಿ, ರಜಾ ದಿನ’ ಎಂದುಕೊಂಡು ನಿಂತಿರುತ್ತಾಳೆ.

ಮೂರನೇ ಶಿಳ್ಳೆಗೆ ನಾನು ‘ಸಾಕು ನಿಲ್ಲಿಸಪ್ಪ’ ಎಂದೆ.

‘ಅತ್ತಿಗೆ, ಮತ್ತೆ ಜೂಗೆ ಬಂದಿರೋದು ಯಾಕೆ?’

‘ಬಸ್‌ಸ್ಟ್ಯಾಂಡಲ್ಲಿ ನಿನ್ನ ಮಗಳಿಗೆ ಯಾರಾದ್ರೂ ಹೀಗೇ ಹೊಡೆದರೆ ಸುಮ್ಮನಿರ್ತೀಯಾ?’

ಅವನ ಮುಖ ಕೆಂಪಾಯಿತು. ಹೈಸ್ಕೂಲಿಗೆ ಹೋಗುವ ಅವನ ಮಗಳು ತಲೆ ತಗ್ಗಿಸಿದಳು. ನಮ್ಮವರು ಕೆಮ್ಮಿದರು, ಮನೆಗೆ ಹೋದಮೇಲೆ ನನಗೆ ಇದೆ ಎಂದು ಅದರ ಅರ್ಥ.

ವ್ಯಾನಿನ ಪಕ್ಕ ಜಮಖಾನ ಹಾಸಿ ಊಟಕ್ಕೆ ಕೂತಾಗ ಯಾರೂ ಮಾತಾಡಲಿಲ್ಲ. ಓರಗಿತ್ತಿಯೂ ನನ್ನ ಮುಖ ನೋಡಲಿಲ್ಲ. ಆದರೆ ಬಡಿಸುತ್ತಾ ಬಂದವಳು ಕೇಳದೆಯೇ ನನ್ನ ತಟ್ಟೆಗೆ ಎರಡು ಚಕ್ಕುಲಿ ಹೆಚ್ಚು ಹಾಕಿ ಮುಂದೆ ಹೋದಳು.