ಸೆಮಿಸ್ಟರ್ ಮುಗಿದ ಮೇಲೆ

ಹೈದರಾಬಾದಿನ ಗಲ್ಲಿಗಳಲ್ಲಿ ‘ಬಸ್ತಿ ದವಾಖಾನಾ’ ಎಂಬ ಫಲಕ ಕಂಡರೆ ಕಲಬುರಗಿ, ರಾಯಚೂರು ಸೀಮೆಯಿಂದ ಬಂದ ನಮ್ಮವರಿಗೆ ಅದು ಪರಕೀಯವೆನಿಸುವುದಿಲ್ಲ. 1956ರವರೆಗೆ ಆ ಜಿಲ್ಲೆಗಳು ಹೈದರಾಬಾದ್ ರಾಜ್ಯದಲ್ಲೇ ಇದ್ದವು. ದವಾಖಾನೆ ಇಂದಿಗೂ ಅಲ್ಲಿನ ಕನ್ನಡದ ಮಾತು. 2018ರಲ್ಲಿ ಆರಂಭವಾದ ಈ ಸರ್ಕಾರಿ ಚಿಕಿತ್ಸಾಲಯಗಳಲ್ಲಿ ಜ್ವರಕ್ಕೆ ಮಾತ್ರೆ ಸಿಗುತ್ತದೆ. ಆದರೆ ಗಂಡನ ಕುಡಿತ, ಶಾಲೆ ಬಿಟ್ಟ ಮಗು, ಬಾರದ ಪಿಂಚಣಿ ಇವನ್ನೆಲ್ಲ ಕುಳಿತು ಕೇಳುವವರು ಯಾರು?

ಆ ವಿದ್ಯೆಯನ್ನೇ ಕಲಿಯುವವರು ಇದೇ ಊರಿನಲ್ಲಿದ್ದಾರೆ. ರೋಡಾ ಮಿಸ್ತ್ರಿ ಕಾಲೇಜು, ಮೌಲಾನಾ ಆಜಾದ್ ರಾಷ್ಟ್ರೀಯ ಉರ್ದು ವಿಶ್ವವಿದ್ಯಾಲಯ ಎರಡರಲ್ಲೂ ಸಮಾಜಕಾರ್ಯದ ವ್ಯಾಸಂಗವಿದೆ. ಈ ವ್ಯಾಸಂಗದಲ್ಲಿ ಕ್ಷೇತ್ರಕಾರ್ಯಕ್ಕಾಗಿ ವಿದ್ಯಾರ್ಥಿಗಳನ್ನು ಯಾವುದಾದರೂ ಆಸ್ಪತ್ರೆಗೋ ಸ್ವಯಂಸೇವಾ ಸಂಸ್ಥೆಗೋ ಕಳುಹಿಸುವುದು ನಮ್ಮ ದೇಶದ ರೂಢಿ. ಸೆಮಿಸ್ಟರ್ ಮುಗಿದೊಡನೆ ಅವರು ವರದಿ ಒಪ್ಪಿಸಿ ಹೊರಡುತ್ತಾರೆ. ತನ್ನ ಮನೆಯ ಗುಟ್ಟನ್ನೆಲ್ಲ ಅವರೆದುರು ಬಿಚ್ಚಿಟ್ಟ ತಾಯಿ, ಮುಂದೆ ಬರುವ ಹೊಸ ಮುಖಕ್ಕೆ ಮತ್ತೆ ಮೊದಲಿನಿಂದ ಹೇಳಬೇಕು. ಎಷ್ಟು ಸಲ ಹೇಳಿಯಾಳು? ಬಡವರ ಸಂಕಟ ನಮಗೆ ಪಠ್ಯವಾಗುವುದಾದರೆ ಅದಕ್ಕೊಂದು ಋಣವೂ ಇರಬೇಕಲ್ಲವೇ?

ಆದ್ದರಿಂದಲೇ ವಿಶ್ವವಿದ್ಯಾಲಯಗಳು ತಾವೇ ಸಮುದಾಯ ಚಿಕಿತ್ಸಾಲಯ ನಡೆಸಬೇಕೆಂಬುದು ನನ್ನ ವಾದ. ಇದು ಹೊಸ ಕಲ್ಪನೆಯೇನಲ್ಲ. ಇಂದಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ 1936ರಲ್ಲಿ ಮುಂಬಯಿಯಲ್ಲಿ ಒಂದು ಸಮಾಜಕಾರ್ಯ ಶಾಲೆಯಾಗಿ ಹುಟ್ಟಿತು. ಮರುವರ್ಷವೇ ಮಕ್ಕಳ ಮಾರ್ಗದರ್ಶನ ಚಿಕಿತ್ಸಾಲಯವನ್ನು ತೆರೆಯಿತು. ಬೆಂಗಳೂರಿನ ನಿಮ್ಹಾನ್ಸ್ 1970ರ ದಶಕದಲ್ಲಿ ಆನೇಕಲ್ ತಾಲ್ಲೂಕಿನ ಸಕಲವಾರದಲ್ಲಿ ಗ್ರಾಮೀಣ ಮಾನಸಿಕ ಆರೋಗ್ಯ ಕೇಂದ್ರ ಕಟ್ಟಿತು. ತರಬೇತಿಗೆ ಬಂದವರು ಹೋಗುತ್ತಾರೆ, ಕೇಂದ್ರ ಅಲ್ಲೇ ಇರುತ್ತದೆ. ಊರಿನವರಿಗೆ ಬೇಕಾದದ್ದೂ ಅಷ್ಟೇ: ಮುಖ ಬದಲಾದರೂ ಕಡತ ಕೈತಪ್ಪಬಾರದು, ಹಿಂದಿನ ಮಾತು ಬಲ್ಲ ಹಿರಿಯರೊಬ್ಬರು ಒಳಗಿರಬೇಕು.

ಖರ್ಚೆಲ್ಲಿಂದ ಎಂದು ಕೇಳುವವರಿದ್ದಾರೆ. ಪ್ರತ್ಯೇಕ ಕಟ್ಟಡವೇ ಬೇಕೆಂದಿಲ್ಲ. ಬಸ್ತಿ ದವಾಖಾನೆಯಲ್ಲೇ ಒಂದು ಮೇಜು ಸಾಕು. ಆದರೆ ಮೇಲ್ವಿಚಾರಕರ ಹುದ್ದೆ ಮಾತ್ರ ಕಾಯಂ ಆಗಿರಬೇಕು, ಮತ್ತು ಬೇಸಿಗೆ ರಜೆಯಲ್ಲಿ ಬಾಗಿಲಿಗೆ ಬೀಗ ಬೀಳಬಾರದು. ಇವೆರಡಕ್ಕೆ ಒಪ್ಪದ ವಿಭಾಗ ಇಂಥ ಚಿಕಿತ್ಸಾಲಯವನ್ನು ತೆರೆಯದಿರುವುದೇ ಲೇಸು.

ಇನ್ನು ಭಾಷೆ. ಈ ನಗರದ ಕಟ್ಟಡಗಳಿಗೆ ಕಲ್ಲು ಹೊರಲು ಯಾದಗಿರಿ, ರಾಯಚೂರಿನಿಂದ ಬಂದವರು ತೆಲುಗಿನಲ್ಲಿ ಕೂಲಿ ಕೇಳಬಲ್ಲರು. ದುಃಖ ತೋಡಿಕೊಳ್ಳಲು ಅವರಿಗೆ ಕನ್ನಡವೇ ಬೇಕು. ಅಂಥ ಮೇಜಿನ ಬಳಿ ಭಾನುವಾರ ಎರಡು ಗಂಟೆ ಕುಳಿತು ಅವರ ಮಾತನ್ನು ವಿದ್ಯಾರ್ಥಿಗೆ ದಾಟಿಸುವ ಕೆಲಸಕ್ಕೆ ಇಲ್ಲಿನ ಕನ್ನಡಿಗರಾದ ನಮ್ಮಲ್ಲಿ ಎಷ್ಟು ಜನ ಹೆಸರು ಕೊಟ್ಟೇವು?