ಅಗ್ಗದ ಮದರ್‌ಬೋರ್ಡೂ ಓವರ್‌ಕ್ಲಾಕಿಂಗಿನ ಆಸೆಯೂ

ನಮ್ಮ ಮಲ್ಲತ್ತಹಳ್ಳಿಯಲ್ಲಿ, ಜ್ಞಾನಭಾರತಿಯ ಮಗ್ಗುಲಲ್ಲಿ, ಮಹಡಿಯ ಮೇಲಣ ತಗಡಿನ ಕೊಠಡಿಗಳನ್ನು ಬಾಡಿಗೆಗೆ ಹಿಡಿದು ಓದುವ ತರುಣರು ಅನೇಕರು. ಅವರಲ್ಲೊಬ್ಬನು ಮನೆಪಾಠ ಹೇಳಿ ಕೂಡಿಟ್ಟ ಹಣದೊಡನೆ ಎಸ್.ಪಿ. ರಸ್ತೆಯ ಅಂಗಡಿಗಳನ್ನೆಲ್ಲ ಸುತ್ತಿ ಬಂದು ಕಳೆದ ಬೇಸಗೆಯಲ್ಲಿ ನಮ್ಮನ್ನು ಕೇಳಿದನು: "ಸಾರ್, ಪ್ರೊಸೆಸರನ್ನು ಓವರ್‌ಕ್ಲಾಕ್ ಮಾಡಬೇಕು, ಕಡಿಮೆ ಬೆಲೆಯಲ್ಲಿ ಯಾವ ಬೋರ್ಡು ತೆಗೆದುಕೊಳ್ಳಲಿ?" ಬಣ್ಣದ ದೀಪಗಳು ಮಿನುಗುವ ಬೋರ್ಡೊಂದು ಆಗಲೇ ಅವನ ಮನಸ್ಸನ್ನು ಸೆಳೆದಿತ್ತು.

ಕ್ಲಾಕಿನ ಆವೃತ್ತಿಯನ್ನು ತಯಾರಕರು ಗೊತ್ತುಪಡಿಸಿದುದಕ್ಕಿಂತ ಮೇಲಕ್ಕೇರಿಸುವುದೇ ಓವರ್‌ಕ್ಲಾಕಿಂಗ್. 1998ರಲ್ಲಿ ಇಂಟೆಲಿನ ಸೆಲೆರಾನ್ 300ಎ ಎಂಬ ಅಗ್ಗದ ಪ್ರೊಸೆಸರು ಇದಕ್ಕೆ ಹೆಸರಾಗಿತ್ತು. ಅದರ ಗುಣಕ 4.5, 66 ಮೆಗಾಹರ್ಟ್ಸಿನ ಬಸ್ಸನ್ನು 100ಕ್ಕೆ ಏರಿಸಬಲ್ಲ ಬೋರ್ಡು ದೊರೆತರೆ 300ರದು 450ರಲ್ಲಿ ಓಡುತ್ತಿತ್ತು. ಆ ಕಾಲ ಹೋಯಿತು. ಇಂದಿನ ಪ್ರೊಸೆಸರುಗಳು ಉಷ್ಣತೆಯನ್ನು ನೋಡಿಕೊಂಡು ತಾವಾಗಿಯೇ ಮಿತಿಯ ಸಮೀಪಕ್ಕೆ ಹೋಗುವುದರಿಂದ ನಮ್ಮ ಕೈಗೆ ಉಳಿಯುವ ಲಾಭ ಅಲ್ಪ. ಆದರೂ ಪ್ರಯೋಗದ ಆಸೆ ತಪ್ಪೆಂದು ನಾವು ಹೇಳಲಾರೆವು.

ಮೊದಲು ಬೋರ್ಡಿನ ಅನುಮತಿಯನ್ನು ವಿಚಾರಿಸತಕ್ಕದ್ದು. ಇಂಟೆಲಿನಲ್ಲಿ 'ಕೆ' ಅಕ್ಷರದ ಪ್ರೊಸೆಸರೂ 'ಝಡ್' ಶ್ರೇಣಿಯ ದುಬಾರಿ ಬೋರ್ಡೂ ಕೂಡಬೇಕು. ಎಎಂಡಿಯ ರೈಜೆನ್‌ಗಾದರೋ ಬಿ450, ಬಿ550, ಬಿ650ರಂತಹ ಮಧ್ಯಮ ಬೋರ್ಡುಗಳೇ ಸಾಕು. ಎ520, ಎ620 ಆಗವು. ಬಡ ವಿದ್ಯಾರ್ಥಿಗೆ ಎರಡನೆಯ ದಾರಿಯೇ ಲೇಸೆಂಬುದು ನಮ್ಮ ಅಭಿಮತ.

ಇನ್ನು ಉಷ್ಣದ ಮಾತು. ಪ್ರೊಸೆಸರಿನ ಉಷ್ಣವು ಬಹುಮಟ್ಟಿಗೆ ಆವೃತ್ತಿಗೂ ವಿಭವಾಂತರದ ವರ್ಗಕ್ಕೂ ಅನುಲೋಮವಾಗಿರುತ್ತದೆ. ಎರಡನ್ನೂ ನೂರಕ್ಕೆ 10ರಂತೆ ಏರಿಸಿದರೆ 1.1ರ ಘನ, ಅಂದರೆ 1.331, ಉಷ್ಣವು ಮೂರನೆಯ ಒಂದು ಪಾಲು ಹೆಚ್ಚಿತು. 1.2 ವೋಲ್ಟಿನಲ್ಲಿ 120 ವಾಟ್ ಬೇಡುವ ಪ್ರೊಸೆಸರಿಗೆ 100 ಆಂಪೇರ್ ಬೇಕು! 12 ವೋಲ್ಟನ್ನು ಇಳಿಸಿ ಇದನ್ನು ಒದಗಿಸುವುದು ಬೋರ್ಡಿನ ವಿ.ಆರ್.ಎಂ. ಎಂಬ ಭಾಗ. ಒಂದೊಂದು ಫೇಸಿನ ರೋಧ 4 ಮಿಲಿಓಮ್ ಎಂದಿಟ್ಟುಕೊಳ್ಳೋಣ. ಒಂದೇ ಫೇಸಾದರೆ ನಷ್ಟ 40 ವಾಟ್; ನಾಲ್ಕಕ್ಕೆ ಹಂಚಿದರೆ ಒಟ್ಟು 10; ಎಂಟಕ್ಕೆ ಹಂಚಿದರೆ 5. ಒಂದರಿಂದ ನಾಲ್ಕಕ್ಕೆ ಬಂದಾಗ 30 ವಾಟ್ ಉಳಿಯಿತು, ನಾಲ್ಕರಿಂದ ಎಂಟಕ್ಕೆ ಹೋದಾಗ ಉಳಿದದ್ದು ಐದೇ. ಪೆಟ್ಟಿಗೆಯ ಮೇಲೆ ಫೇಸುಗಳ ದೊಡ್ಡ ಸಂಖ್ಯೆಯನ್ನು ಕಂಡು ಮರುಳಾಗುವವರು ಈ ಲೆಕ್ಕವನ್ನು ಮಾಡಿ ನೋಡಬೇಕು. ಉತ್ತಮ ಭಾಗಗಳ ಕೆಲವೇ ಫೇಸುಗಳು, ಅವುಗಳ ಮೇಲೆ ತೂಕವುಳ್ಳ, ರೆಕ್ಕೆಗಳುಳ್ಳ ಅಲ್ಯೂಮಿನಿಯಂ ಹೀಟ್‌ಸಿಂಕ್: ಹಣ ಹೋಗಬೇಕಾದುದು ಅಲ್ಲಿಗೆ.

ಹೀಟ್‌ಸಿಂಕು ಸುತ್ತಲಿನ ಗಾಳಿಗಿಂತ ತಣ್ಣಗಾಗಲಾರದು. ಏಪ್ರಿಲ್ಲಿನ ಮಧ್ಯಾಹ್ನ ತಗಡಿನ ಕೆಳಗೆ ಗಾಳಿಯೇ 10 ಡಿಗ್ರಿ ಏರಿದರೆ ಬೋರ್ಡೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಆದುದರಿಂದ ಡಿಸೆಂಬರಿನ ರಾತ್ರಿಯಲ್ಲಿ ನಿಂತ ವೇಗವನ್ನು ನಂಬಬಾರದು. ಪರೀಕ್ಷೆ ಬೇಸಗೆಯಲ್ಲಿ ನಡೆಯಲಿ.

ಆ ತರುಣನು ಕಡೆಗೆ ಅಲಂಕಾರವಿಲ್ಲದ ಬಿ550 ಬೋರ್ಡನ್ನು ಕೊಂಡು, ಉಳಿದ ಹಣದಲ್ಲಿ ಒಳ್ಳೆಯ ಫ್ಯಾನೊಂದನ್ನು ತಂದನು. ದೀಪಗಳ ಆಸೆ ಮಾತ್ರ ಇನ್ನೂ ಪೂರ್ತಿ ಬಿಟ್ಟಂತಿಲ್ಲ.