ಡೀಸೆಲ್ ಪಿಕ್‌ಅಪ್ಪೋ, ಗ್ಯಾಸ್ ಗಾಡಿಯೋ? ಜತ್ತ ಭಾಗದಲ್ಲಿ ಹೊಸ ಲೆಕ್ಕ

ಜತ್ತ: ದ್ರಾಕ್ಷಿ ಹಂಗಾಮು ಮುಗಿದು ಕೈಗೆ ನಾಲ್ಕು ಕಾಸು ಬಂತೆಂದರೆ ಈ ಭಾಗದ ಹಳ್ಳಿಗಳಲ್ಲಿ ಮೊದಲು ಏಳುವ ಮಾತು ಗಾಡಿಯದು. ಬಾಡಿಗೆ ಗಾಡಿಗೆ ಎಷ್ಟು ವರ್ಷ ಅಂತ ರೊಕ್ಕ ಸುರಿಯೋದು, ಸ್ವಂತಕ್ಕೊಂದು ಪಿಕ್‌ಅಪ್ ಇದ್ದರೆ ಮಾಲೂ ಹೋಗುತ್ತೆ, ನಾಲ್ಕು ಬಾಡಿಗೆಯೂ ಸಿಗುತ್ತೆ ಎಂಬುದು ಎಲ್ಲರ ವಿಚಾರ. ಮೊದಲೆಲ್ಲ ಅಲ್ಲಿಗೆ ಮಾತು ಮುಗಿಯುತ್ತಿತ್ತು. ಯಾಕೆಂದರೆ ಪಿಕ್‌ಅಪ್ ಎಂದರೆ ಡೀಸೆಲ್ ಗಾಡಿ, ಬೇರೆ ಮಾತೇ ಇರಲಿಲ್ಲ.

ಈಗ ಶೋರೂಮಿಗೆ ಹೋದರೆ ಮೂರು ಬಗೆಯ ಗಾಡಿ ಎದುರಿಗೆ ನಿಲ್ಲುತ್ತವೆ: ಡೀಸೆಲ್, ಸಿಎನ್‌ಜಿ ಗ್ಯಾಸ್, ಪೆಟ್ರೋಲ್. ಮೂರಕ್ಕೂ ಫೈನಾನ್ಸ್ ಉಂಟು. ಆದರೆ ತಪ್ಪು ಗಾಡಿ ಆರಿಸಿದರೆ ಐದು ವರ್ಷ ಕಂತು ಕಟ್ಟುವವರು ಶೋರೂಮಿನವರಲ್ಲ, ಮನೆಯವರು. ಮಳೆ ಕೈಕೊಡುವ, ಕೊಳವೆಬಾವಿ ಬತ್ತುವ ಈ ತಾಲೂಕಿನಲ್ಲಿ ಒಂದು ವರ್ಷ ಬೆಳೆ ಹೋದರೆ ಕಂತು ಕಟ್ಟೋದೇ ಕಷ್ಟ. ಹೀಗಾಗಿ ಈ ಆಯ್ಕೆ ಸಣ್ಣದಲ್ಲ.

ಡೀಸೆಲ್ಲಿಗೆ ಒಲಿದಿದ್ದ ಕಾಲ

ಡೀಸೆಲ್ ಗಾಡಿಗೆ ಮಂದಿ ಬಿದ್ದದ್ದಕ್ಕೆ ಕಾರಣ ಎರಡು. ಒಂದು, ಎಂಜಿನ್ನಿನ ಗುಣ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಚ್ಚುವ ಪ್ಲಗ್ ಇಲ್ಲ. ಗಾಳಿಯನ್ನು ಒತ್ತಿ ಒತ್ತಿ ಕಾಯಿಸಿ, ಆ ಕಾವಿನಲ್ಲೇ ಎಣ್ಣೆ ಹೊತ್ತಿಸುವ ಪದ್ಧತಿ ಅದು. ಅದಕ್ಕೇ ಎಂಜಿನ್ ನಿಧಾನ ತಿರುಗುವಾಗಲೂ ಎಳೆಯುವ ತಾಕತ್ತು ಬರುತ್ತದೆ. ಒಂದೂವರೆ ಟನ್ ಮಾಲು ಹೇರಿ ತೋಟದ ಮಣ್ಣುದಾರಿಯಿಂದ ಡಾಂಬರಿಗೆ ಹತ್ತಿಸುವಾಗ ಬೇಕಾದದ್ದು ಇದೇ ತಾಕತ್ತು. ಜತೆಗೆ ಒಂದು ಲೀಟರ್ ಪೆಟ್ರೋಲಿಗಿಂತ ಒಂದು ಲೀಟರ್ ಡೀಸೆಲ್ಲಿನಲ್ಲಿ ಶೇ. 10ಕ್ಕೂ ಹೆಚ್ಚು ಶಕ್ತಿ ಅಡಗಿದೆ.

ಎರಡನೆಯದು ದರ. 2010ರ ಜೂನ್‌ನಲ್ಲಿ ಕೇಂದ್ರ ಸರಕಾರ ಪೆಟ್ರೋಲ್ ದರದ ಮೇಲಿನ ಹಿಡಿತ ಬಿಟ್ಟಿತು, ಡೀಸೆಲ್ಲಿನದು ಬಿಡಲಿಲ್ಲ. 2012ರ ಮೇ ಕೊನೆಗೆ ದಿಲ್ಲಿಯಲ್ಲಿ ಪೆಟ್ರೋಲ್ ಲೀಟರಿಗೆ 73.18 ರೂ., ಡೀಸೆಲ್ 40.91 ರೂ. ಇತ್ತು. 32 ರೂಪಾಯಿ ಅಂತರ! 2005ರಲ್ಲಿ ಬಂದ ಟಾಟಾ ಏಸ್ ಎರಡು ಸಿಲಿಂಡರಿನ ಡೀಸೆಲ್ ಎಂಜಿನ್ನಿನ ಮೇಲೆಯೇ ಹಳ್ಳಿಹಳ್ಳಿಗೆ ನುಗ್ಗಿದ್ದು, ಬೊಲೆರೊ ಪಿಕ್‌ಅಪ್ ರೈತರ ಅಂಗಳದಲ್ಲಿ ನಿಂತದ್ದು ಇದೇ ಕಾಲದಲ್ಲಿ.

2014ರ ಅಕ್ಟೋಬರಿನಲ್ಲಿ ಡೀಸೆಲ್ ದರವೂ ಮುಕ್ತವಾಯಿತು. ಅಂತರ ಕರಗುತ್ತ ಬಂತು. 2025ರಲ್ಲಿ ದಿಲ್ಲಿಯ ಪೆಟ್ರೋಲ್ ದರ 94.77, ಡೀಸೆಲ್ 87.67 ರೂ. ಅಂತರ ಏಳು ರೂಪಾಯಿ ಚಿಲ್ಲರೆ ಮಾತ್ರ. ಮಹಾರಾಷ್ಟ್ರದಲ್ಲಿ ಪೆಟ್ರೋಲಿನ ಮೇಲೆ ತೆರಿಗೆ ಜಾಸ್ತಿ ಇರೋದರಿಂದ ಅಂತರ ಇದಕ್ಕಿಂತ ಹೆಚ್ಚು. ಆದರೂ ಹಳೆಯ 32 ರೂಪಾಯಿ ಮಾತು ಎಲ್ಲಿ ಬಂತು?

ಗಡಿ ದಾಟಿ ಎಣ್ಣೆ ತುಂಬಿಸುವ ಲಾಭವೂ ಹೋಯಿತು

ಗಡಿ ಭಾಗದವರಿಗೆ ಇನ್ನೊಂದು ಅನುಕೂಲವಿತ್ತು. ಚಡಚಣ, ಅಥಣಿ, ವಿಜಯಪುರ ಕಡೆ ಹೋದ ಗಾಡಿ ಅಲ್ಲೇ ಟ್ಯಾಂಕ್ ತುಂಬಿಸಿಕೊಂಡು ಬಂದರೆ ಲೀಟರಿಗೆ ನಾಲ್ಕಾರು ರೂಪಾಯಿ ಉಳಿಯುತ್ತಿತ್ತು. ಕರ್ನಾಟಕದಲ್ಲಿ ಡೀಸೆಲ್ ಮೇಲಿನ ಮಾರಾಟ ತೆರಿಗೆ ಆಗ ಶೇ. 14.34 ಇತ್ತು.

2024ರ ಜೂನ್‌ನಲ್ಲಿ ಕರ್ನಾಟಕ ಅದನ್ನು ಶೇ. 18.44ಕ್ಕೆ, 2025ರ ಏಪ್ರಿಲ್ 1ರಿಂದ ಶೇ. 21.17ಕ್ಕೆ ಏರಿಸಿತು. ಬೆಂಗಳೂರಿನಲ್ಲಿ 86 ರೂಪಾಯಿ ಒಳಗಿದ್ದ ಡೀಸೆಲ್ 91 ದಾಟಿತು. ಇತ್ತ ಮಹಾರಾಷ್ಟ್ರದಲ್ಲಿ ಮುಂಬೈ ಸುತ್ತಮುತ್ತ ಶೇ. 24 ಇದ್ದ ಡೀಸೆಲ್ ತೆರಿಗೆ 2024ರಲ್ಲಿ ಉಳಿದ ಜಿಲ್ಲೆಗಳಂತೆ ಶೇ. 21 ಆಯಿತು. ಆಚೆ 21.17, ಈಚೆ 21. ಗಡಿ ದಾಟಿದರೂ ಒಂದೇ, ದಾಟದಿದ್ದರೂ ಒಂದೇ. "ಆಚೆ ಕಡೆ ಡೀಸೆಲ್ ಅಗ್ಗ" ಎಂಬ ಹಳೇ ಲೆಕ್ಕ ಹಿಡಿದು ಈಗ ಡೀಸೆಲ್ ಗಾಡಿ ಕೊಳ್ಳುವವರು ಇದನ್ನು ಗಮನಿಸಬೇಕು.

ಹೊಗೆ ನಿಯಮ ತಂದ ತಲೆನೋವು

2020ರ ಏಪ್ರಿಲ್ 1ರಿಂದ ದೇಶದಲ್ಲಿ ಬಿಎಸ್-6 ಗಾಡಿಗಳಷ್ಟೇ ಮಾರಾಟವಾಗುತ್ತಿವೆ. ಈ ನಿಯಮ ಬಂದ ಮೇಲೆ ಡೀಸೆಲ್ ಗಾಡಿಯ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಬಂದು ಕೂತಿದೆ. ಕೆಲವು ಗಾಡಿಗಳಿಗೆ ಯೂರಿಯಾ ದ್ರಾವಣವನ್ನೂ ಬೇರೆ ಟ್ಯಾಂಕಿನಲ್ಲಿ ತುಂಬಬೇಕು. ಇದು ಹೊಲಕ್ಕೆ ಹಾಕುವ ಯೂರಿಯಾ ಕಲಸಿದ ನೀರಲ್ಲ. ಶೇ. 32.5 ಪ್ರಮಾಣದ ಶುದ್ಧ ದ್ರಾವಣವೇ ಆಗಬೇಕು.

ಫಿಲ್ಟರಿನಲ್ಲಿ ಕೂತ ಮಸಿಯನ್ನು ಎಂಜಿನ್ ತಾನೇ ಸುಟ್ಟುಕೊಳ್ಳುತ್ತದೆ. ಆದರೆ ಅದಕ್ಕೆ ಹೊಗೆಯ ಕಾವು ಸುಮಾರು 550ರಿಂದ 600 ಡಿಗ್ರಿ ಮುಟ್ಟಬೇಕು. ಹೆದ್ದಾರಿಯಲ್ಲಿ ಹದಿನೈದು ಇಪ್ಪತ್ತು ನಿಮಿಷ ಒಂದೇ ವೇಗದಲ್ಲಿ ಓಡಿದರೆ ಈ ಕೆಲಸ ಸಲೀಸು. ತೋಟದಿಂದ ಒಣದ್ರಾಕ್ಷಿ ಶೆಡ್ಡಿಗೆ ಮೂರು ಕಿ.ಮೀ., ಶೆಡ್ಡಿನಿಂದ ಊರಿಗೆ ಎರಡು ಕಿ.ಮೀ. ಅಂತ ಓಡಾಡುವ ಗಾಡಿಗೆ ಆ ಕಾವು ಬರೋದೇ ಇಲ್ಲ. ಮಸಿ ಕಟ್ಟುತ್ತದೆ, ಮೀಟರಿನಲ್ಲಿ ದೀಪ ಹತ್ತುತ್ತದೆ, ಎಂಜಿನ್ ಎಳೆಯುವುದು ಕಡಿಮೆಯಾಗುತ್ತದೆ. ಅಲಕ್ಷ್ಯ ಮಾಡಿದರೆ ಗ್ಯಾರೇಜಿನ ಖರ್ಚು ಕಟ್ಟಿಟ್ಟ ಬುತ್ತಿ.

ಹಳೆ ಗಾಡಿಯನ್ನು ಊರ ಮೇಸ್ತ್ರಿ ಪಾನಾ-ಸುತ್ತಿಗೆಯಲ್ಲಿ ಸರಿಮಾಡುತ್ತಿದ್ದ. ಈಗಿನದಕ್ಕೆ ಕಂಪ್ಯೂಟರ್ ಹಚ್ಚಿ ನೋಡಬೇಕು. ಡೀಸೆಲ್ಲಿಗೆ ಸೀಮೆಎಣ್ಣೆ ಬೆರೆಸುವ ಹಳೇ ಚಾಳಿಯಂತೂ ಈ ಎಂಜಿನ್ನಿಗೆ ವಿಷ.

ಗ್ಯಾಸ್ ಅಗ್ಗ ಹೌದು, ಆದರೆ...

2018ರ ಹರಾಜಿನಲ್ಲಿ ಸಾಂಗಲಿ ಮತ್ತು ಸಾತಾರಾ ಜಿಲ್ಲೆಗಳು ನಗರ ಅನಿಲ ವಿತರಣೆಯ ನಕಾಶೆಗೆ ಸೇರಿದವು. 2022ರ ಏಪ್ರಿಲ್ 1ರಿಂದ ಮಹಾರಾಷ್ಟ್ರ ಸರಕಾರ ಸಿಎನ್‌ಜಿ ಮೇಲಿನ ವ್ಯಾಟನ್ನು ಶೇ. 13.5ರಿಂದ ಶೇ. 3ಕ್ಕೆ ಇಳಿಸಿತು. ಕಂಪನಿಗಳೂ ತಡಮಾಡಲಿಲ್ಲ. 2022ರಲ್ಲಿ ಟಾಟಾ ಒಂದು ಟನ್ ಹೊರುವ, ಗ್ಯಾಸ್ ಮತ್ತು ಪೆಟ್ರೋಲ್ ಎರಡರಲ್ಲೂ ಓಡುವ ಇಂಟ್ರಾ ವಿ20 ತಂದಿತು. 2023ರಲ್ಲಿ ಬಂದ ಬೊಲೆರೊ ಮ್ಯಾಕ್ಸ್ ಪಿಕ್‌ಅಪ್ ಸಾಲಿನಲ್ಲಿಯೂ ಒಂದು ಸಿಎನ್‌ಜಿ ಗಾಡಿ ಇದೆ. ಮಾರುತಿಯಂತೂ 2020ರಲ್ಲಿ ಡೀಸೆಲ್ ಕೈಬಿಟ್ಟು ಸೂಪರ್ ಕ್ಯಾರಿಯನ್ನು ಪೆಟ್ರೋಲ್, ಸಿಎನ್‌ಜಿಗೆ ತಿರುಗಿಸಿತು.

ಗ್ಯಾಸ್ ಗಾಡಿಗೆ ಮಸಿ ಫಿಲ್ಟರಿನ ಕಾಟವಿಲ್ಲ, ಯೂರಿಯಾ ದ್ರಾವಣವೂ ಬೇಡ. ಸಣ್ಣ ಓಟಕ್ಕೆ ಬೇಸರಿಸೋದಿಲ್ಲ. ಆದರೆ ಪೆಟ್ರೋಲ್ ಎಂಜಿನ್ನನ್ನು ಗ್ಯಾಸಿನಲ್ಲಿ ಓಡಿಸಿದಾಗ ಶಕ್ತಿ ಸ್ವಲ್ಪ ಇಳಿಯುತ್ತದೆ. ಭಾರ ಹೇರಿ ದಿನ್ನೆ ಏರುವಾಗ ಇದು ಗೊತ್ತಾಗುತ್ತದೆ. ಗ್ಯಾಸ್ ತುಂಬುವ ಸಿಲಿಂಡರು 200 ಪಟ್ಟು ಒತ್ತಡ ತಡೆಯಬೇಕಾದ್ದರಿಂದ ದಪ್ಪ, ಭಾರ. ಮೂರು ವರ್ಷಕ್ಕೊಮ್ಮೆ ಅದರ ಪರೀಕ್ಷೆಯೂ ಆಗಬೇಕು.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಪಂಪಿನದು. ಪೈಪ್‌ಲೈನ್ ಮುಟ್ಟದ ಪಂಪುಗಳಿಗೆ ಗ್ಯಾಸ್ ಲಾರಿಯಲ್ಲಿ ಬರುತ್ತದೆ. ಲಾರಿ ತಡವಾದರೆ ಸಾಲು ನಿಲ್ಲಬೇಕು, ಒತ್ತಡ ಕಡಿಮೆಯಿದ್ದರೆ ಹತ್ತು ಕೆ.ಜಿ. ಹಿಡಿಯುವ ಸಿಲಿಂಡರಿಗೆ ಏಳೆಂಟು ಕೆ.ಜಿ. ಮಾತ್ರ ತುಂಬುತ್ತದೆ.

30 ಕಿ.ಮೀ. ಸುತ್ತಿದರೆ ಲಾಭ ಸೊನ್ನೆ

ಸುಲಭದ ಲೆಕ್ಕಕ್ಕಾಗಿ ಡೀಸೆಲ್ ಲೀಟರಿಗೆ 90 ರೂ., ಮಾಲು ಹೇರಿದ ಗಾಡಿಯ ಓಟ ಲೀಟರಿಗೆ 12 ಕಿ.ಮೀ. ಎಂದು ಹಿಡಿಯೋಣ. ಕಿ.ಮೀ.ಗೆ ಏಳೂವರೆ ರೂಪಾಯಿ ಬಿತ್ತು. ಸಿಎನ್‌ಜಿ ಕೆ.ಜಿ.ಗೂ 90 ರೂ., ಓಟ 15 ಕಿ.ಮೀ. ಎಂದರೆ ಕಿ.ಮೀ.ಗೆ 6 ರೂ. ಉಳಿತಾಯ ಒಂದೂವರೆ ರೂಪಾಯಿ. ಕೇಳಲು ಚೆಂದ.

ಈಗ 10 ಕೆ.ಜಿ. ಗ್ಯಾಸ್ ತುಂಬಿಸಿದ್ದಕ್ಕೆ 900 ರೂ. ಆಯಿತು, 150 ಕಿ.ಮೀ. ಓಟ ಸಿಕ್ಕಿತು. ಅದರಲ್ಲಿ ಪಂಪಿಗೆ ಹೋಗಿ ಬರಲು ಅಂತಲೇ 30 ಕಿ.ಮೀ. ಖರ್ಚಾದರೆ ದುಡಿಮೆಗೆ ಉಳಿದದ್ದು 120 ಕಿ.ಮೀ. ಇದೇ 120 ಕಿ.ಮೀ. ಡೀಸೆಲ್ ಗಾಡಿಗೆ 10 ಲೀಟರ್, ಅಂದರೆ ಅದೇ 900 ರೂಪಾಯಿ! ಅಲ್ಲಿಗೆ ಲಾಭ ಸೊನ್ನೆ. ಸಾಲಿನಲ್ಲಿ ನಿಂತ ಹೊತ್ತು, ಚಾಲಕನ ಪಗಾರ ಬೇರೆ.

ಹೀಗಾಗಿ ಪಂಪು ದಿನದ ದಾರಿಯ ಮೇಲೆಯೇ ಇದ್ದರೆ ಗ್ಯಾಸ್ ಗಾಡಿ ಬಂಗಾರ. ಅದಕ್ಕಾಗಿಯೇ ಸುತ್ತು ಹಾಕಬೇಕೆಂದರೆ ಬ್ಯಾಡವೇ ಬ್ಯಾಡ. ಉಮದಿ, ಸಂಖ, ದರಿಬಡಚಿ ಕಡೆಯ ಪೂರ್ವ ಭಾಗದವರು ಈ ಲೆಕ್ಕವನ್ನು ಮನೆಯಲ್ಲೇ ಕೂತು ಮಾಡಬೇಕು. ಮಿರಜ-ಸಾಂಗಲಿ ದಾರಿಯಲ್ಲಿ ದಿನಾ ಓಡುವ ಗಾಡಿಗೆ ಹೊಂದಿದ್ದು ತಮ್ಮ ಊರಿಗೂ ಹೊಂದುತ್ತದೆ ಎಂದುಕೊಳ್ಳಬಾರದು.

ವರ್ಷಕ್ಕೆ ಎಷ್ಟು ಓಟ?

ಪೆಟ್ರೋಲ್ ಗಾಡಿ ಎಂದರೆ ಮೂಗು ಮುರಿಯುವವರೇ ಹೆಚ್ಚು. ಎಣ್ಣೆ ದುಬಾರಿ ನಿಜ. ಲೀಟರಿಗೆ 105 ರೂ., ಓಟ ಹತ್ತೂವರೆ ಕಿ.ಮೀ. ಎಂದರೆ ಕಿ.ಮೀ.ಗೆ 10 ರೂ. ಆಯಿತು. ಈಗಿನ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥೆನಾಲ್ ಬೆರೆಸುವುದರಿಂದ ಓಟ ಇನ್ನೂ ಕೊಂಚ ಇಳಿಯಬಹುದು. ಡೀಸೆಲ್ ಗಾಡಿ ಕಿ.ಮೀ.ಗೆ ಎರಡೂವರೆ ರೂಪಾಯಿ ಉಳಿಸುತ್ತದೆ.

ಆದರೆ ಡೀಸೆಲ್ ಗಾಡಿಗೆ ಕೊಳ್ಳುವಾಗಲೇ 60 ಸಾವಿರ ಜಾಸ್ತಿ ಕೊಟ್ಟಿದ್ದರೆ? ಆ ಹಣ ವಾಪಸ್ ಬರಲು 24 ಸಾವಿರ ಕಿ.ಮೀ. ಓಡಬೇಕು. ದಿನಾ 150 ಕಿ.ಮೀ.ನಂತೆ ವರ್ಷಕ್ಕೆ 300 ದಿನ ಬಾಡಿಗೆ ಓಡುವವನಿಗೆ ಇದು ಆರೂವರೆ ತಿಂಗಳ ಮಾತು. ಹಂಗಾಮಿನ 120 ದಿನ ಮಾತ್ರ, ದಿನಕ್ಕೆ 50 ಕಿ.ಮೀ. ಓಡಿಸುವ ರೈತನಿಗೆ ಪೂರಾ ನಾಲ್ಕು ವರ್ಷ ಬೇಕು. ಉಳಿದ ಎಂಟು ತಿಂಗಳು ಗಾಡಿ ಬೇವಿನ ಗಿಡದ ನೆರಳಿಗೆ ನಿಂತಿರುತ್ತೆ, ಕಂತು ಮಾತ್ರ ನಿಲ್ಲೋದಿಲ್ಲ.

ಭಾರ, ಪರ್ಮಿಟ್ ಮರೆಯಬಾರದು

ಬೇಸಿಗೆಯಲ್ಲಿ ಇದೇ ಪಿಕ್‌ಅಪ್ ಮೇಲೆ ನೀರಿನ ಟಾಕಿ ಏರುತ್ತದೆ. 2 ಸಾವಿರ ಲೀಟರ್ ನೀರೆಂದರೆ 2 ಟನ್ ಭಾರ, ಟಾಕಿಯ ತೂಕ ಬೇರೆ. 1.3 ಟನ್ನಿನ ಗಾಡಿ ಯಾವ ಎಣ್ಣೆಯಲ್ಲಿ ಓಡಿದರೂ ಇದನ್ನು ಹೊರಬಾರದು. ಬ್ರೇಕು ಕೇಳೋದಿಲ್ಲ, ಅಪಘಾತವಾದರೆ ವಿಮೆ ಕೇಳುವಾಗಲೂ ತಕರಾರು ಏಳುತ್ತದೆ.

ಮೋಟಾರು ವಾಹನ ಕಾಯ್ದೆಯಂತೆ, ಮಾಲು ಸೇರಿ ಒಟ್ಟು ತೂಕ 3 ಸಾವಿರ ಕೆ.ಜಿ. ಮೀರದ ಸರಕು ಗಾಡಿಗೆ ಪರ್ಮಿಟ್ ಬೇಕಿಲ್ಲ. ಅದಕ್ಕಿಂತ ಭಾರದ ಪಿಕ್‌ಅಪ್ಪಿಗೆ ಬೇಕು. ವಿಜಯಪುರಕ್ಕೂ ತಾಸಗಾಂವದ ಒಣದ್ರಾಕ್ಷಿ ಪೇಟೆಗೂ ಓಡಾಡುವವರು ಆರ್‌ಸಿ ಪುಸ್ತಕದಲ್ಲಿ ನಮೂದಾಗುವ ಈ ತೂಕವನ್ನು ಬುಕ್ಕಿಂಗಿಗೆ ಮೊದಲೇ ಕೇಳಿ ತಿಳಿಯಬೇಕು. ಗ್ಯಾಸ್ ಸಿಲಿಂಡರಿನ ತೂಕವೂ ಇದರಲ್ಲೇ ಬರುವುದರಿಂದ ಅಷ್ಟು ಮಾಲು ಕಡಿಮೆಯಾಗುತ್ತದೆ.

ಆಚೆ ಕಡೆಯ ಬೀಗರ ಹೆಸರಿನಲ್ಲಿ ಕೆಎ ನಂಬರ್ ಮಾಡಿಸಿ ಇಲ್ಲಿ ಓಡಿಸಿದರಾಯಿತು ಎನ್ನುವವರೂ ಇದ್ದಾರೆ. ಬೇರೆ ರಾಜ್ಯದ ಗಾಡಿ 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇದ್ದರೆ ಇಲ್ಲಿನ ನಂಬರ್ ಮಾಡಿಸಲೇಬೇಕೆಂದು ಅದೇ ಕಾಯ್ದೆ ಹೇಳುತ್ತದೆ.

ಯಾರಿಗೆ ಯಾವುದು?

2025ರ ಸೆಪ್ಟೆಂಬರ್ 22ರಿಂದ ಸರಕು ಗಾಡಿಗಳ ಮೇಲಿನ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿದಿದೆ. ಇದರ ಲಾಭ ಮೂರೂ ಬಗೆಯ ಗಾಡಿಗಿದೆ. ಹಾಗಾಗಿ ತೆರಿಗೆ ಇಳಿದದ್ದು ಕೊಳ್ಳಲು ಕಾರಣವಾಗಬಹುದು, ಆರಿಸಲು ಕಾರಣವಲ್ಲ.

ವರ್ಷವಿಡೀ ದೂರದ ಬಾಡಿಗೆ, ತುಂಬು ಭಾರ, ಹೆದ್ದಾರಿ ಓಟ ಇದ್ದವರಿಗೆ ಇಂದಿಗೂ ಡೀಸೆಲ್ಲೇ ಸೈ. ಒಂದು ಟನ್ ಒಳಗಿನ ಮಾಲು, ದಿನಾ ಅದೇ ದಾರಿ, ದಾರಿಯ ಮೇಲೆಯೇ ಪಂಪು ಇದ್ದವರಿಗೆ ಸಿಎನ್‌ಜಿ ಲಾಭ. ಪಂಪಿನ ಭರವಸೆ ಅರ್ಧಂಬರ್ಧ ಇದ್ದರೆ ಪೆಟ್ರೋಲ್ ಟ್ಯಾಂಕೂ ದೊಡ್ಡದಿರುವ ಎರಡೂ ಎಣ್ಣೆಯ ಗಾಡಿ ನೋಡಬಹುದು. ತೋಟ, ಶೆಡ್ಡು, ಊರಿನ ನಡುವೆ ಹಂಗಾಮಿನಲ್ಲಷ್ಟೇ ಓಡುವ ಹಗುರ ಗಾಡಿಗೆ ಪೆಟ್ರೋಲ್ ನಷ್ಟವಲ್ಲ. ಅದಕ್ಕಿಂತ ಕಡಿಮೆ ಓಟವಿದ್ದರೆ ಬಾಡಿಗೆ ಗಾಡಿಯೇ ವಾಸಿ ಎಂಬುದನ್ನೂ ಒಪ್ಪಿಕೊಳ್ಳಬೇಕು.

ಶೋರೂಮಿಗೆ ಹೋಗುವ ಮುಂಚೆ ಒಂದು ಹಂಗಾಮಿನ ಲೆಕ್ಕ ವಹಿಯಲ್ಲಿ ಬರೆದಿಡುವುದು ಒಳ್ಳೆಯದು: ಎಷ್ಟು ದಿನ, ಎಷ್ಟು ಕಿ.ಮೀ., ಎಷ್ಟು ಭಾರ, ಯಾವ ದಾರಿ, ದಾರಿಯಲ್ಲಿ ಯಾವ ಪಂಪು. ಎತ್ತು ಕೊಳ್ಳುವಾಗ ಹಲ್ಲು ಎಣಿಸಿ, ನಡೆಸಿ ನೋಡಿ, ಹೊಲಕ್ಕೆ ಹೊಂದುತ್ತದೋ ಇಲ್ಲವೋ ವಿಚಾರಿಸುತ್ತಿದ್ದರು ಹಿರಿಯರು. ಎತ್ತಿಗಿಂತ ಹತ್ತು ಪಟ್ಟು ಬೆಲೆಯ ಗಾಡಿಗೆ ಒಂದು ಸಂಜೆಯ ಲೆಕ್ಕವಾದರೂ ಬೇಕಲ್ಲ?